ಧೈರ್ಯವಾಗಿರು ಅನ್ನಬೇಡಿ, ಏನು ಹೆದರಿಕೆ ಅಂತ ಕೇಳಿ

ಆಪರೇಷನ್ ಆಯ್ತು, ಕೀಮೋನೂ ಮುಗೀತು, ಇನ್ನು ರೇಡಿಯೇಷನ್ ಒಂದು ತಾನೇ, ಅದಕ್ಯಾಕೆ ಇಷ್ಟು ಯೋಚನೆ? ನನಗೆ ಕ್ಯಾನ್ಸರ್ ಅಂತ ತಿಳಿದು ಹಾಸನದ ನಮ್ಮ ಮನೆಗೆ ನನ್ನನ್ನು ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ಜನ ಇದೇ ಮಾತು ಹೇಳುತ್ತಿದ್ದರು. ಕಷ್ಟದ ಭಾಗ ಕಳೆದುಹೋಯಿತು ಅಂತ ಅವರ ಲೆಕ್ಕ. ಹೊರಗಿನಿಂದ ನೋಡಿದರೆ ಅದು ಸರಿಯೇ. ಆದರೆ ಕೀಮೋ ದಿನಗಳಲ್ಲೂ ಅಷ್ಟಾಗಿ ಕೆಡದ ನನ್ನ ನಿದ್ದೆ ಪೂರ್ತಿ ಕೆಟ್ಟಿದ್ದು ರೇಡಿಯೇಷನ್‌ಗೆ ಹೆಸರು ಬರೆಸಿ ಬಂದ ಮೇಲೆ.

ಯಾಕೆ ಅಂತ ಈಗ ಹೇಳಬಲ್ಲೆ. ಆಪರೇಷನ್ ಆಗುವಾಗ ನಮಗೆ ಪ್ರಜ್ಞೆಯೇ ಇರುವುದಿಲ್ಲ. ಕೀಮೋ ಹಾಕುವಾಗ ವಾರ್ಡ್ ತುಂಬಾ ಜನ. ಪಕ್ಕದ ಬೆಡ್ಡಿನವರ ಜೊತೆ ಮಾತು, ನಮ್ಮನೆಯವರು ಕುರ್ಚಿ ಎಳೆದುಕೊಂಡು ಪೇಪರ್ ಓದುತ್ತಾ ಕೂತಿರುತ್ತಿದ್ದರು. ರೇಡಿಯೇಷನ್ ಹಾಗಲ್ಲ. ಪೂರ್ತಿ ಎಚ್ಚರ ಇರುತ್ತೆ. ದಪ್ಪ ಗೋಡೆಯ ಕೋಣೆಯಲ್ಲಿ, ದೊಡ್ಡ ಯಂತ್ರದ ಕೆಳಗೆ ಮಲಗಿಸಿ, ಎಲ್ಲರೂ ಆಚೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಇದಕ್ಕೆ ಕರೆಂಟ್ ಕೊಡೋದು ಅಂತಾರೆ. ಚಿಕ್ಕಂದಿನಿಂದ ಆ ಮಾತು ಕೇಳಿಸಿಕೊಂಡವಳಿಗೆ ಎದೆ ನಡುಗದೆ ಇರುತ್ತಾ?

ನನ್ನದು ಎಡಗಡೆ ಸ್ತನದ ಕ್ಯಾನ್ಸರ್. ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿದ್ದರು. ಹಾಗೆ ಉಳಿಸಿದವರಿಗೆ ರೇಡಿಯೇಷನ್ ಸಾಮಾನ್ಯವಾಗಿ ಕೊಟ್ಟೇ ಕೊಡುತ್ತಾರೆ. ಕಣ್ಣಿಗೆ ಕಾಣದಷ್ಟು ಕ್ಯಾನ್ಸರ್ ಉಳಿದಿದ್ದರೆ ಅದು ಅಲ್ಲೇ ಸಾಯಲಿ ಅಂತ. ಕೀಮೋ ಮುಗಿದು ಕೆಲವು ವಾರ ಸುಧಾರಿಸಿಕೊಂಡ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ಪ್ಲಾನಿಂಗ್ ಸ್ಕ್ಯಾನ್‌ಗೆ ಕರೆದರು. ಅದು ಚಿಕಿತ್ಸೆ ಅಲ್ಲ, ಚಿಕಿತ್ಸೆಗೆ ಅಳತೆ ತೆಗೆಯುವ ದಿನ. ಗಟ್ಟಿ ಹಲಗೆಯ ಮೇಲೆ ಮಲಗಬೇಕು. ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ ಅಲ್ಲಿರುವ ಹಿಡಿ ಹಿಡಿದುಕೊಳ್ಳಬೇಕು. ಆಪರೇಷನ್ ಆದ ಕಡೆಯ ಭುಜ ಬಿಗಿದುಕೊಂಡಿದ್ದರೆ ಕೈ ಮೇಲೆ ಹೋಗುವುದೇ ಇಲ್ಲ. ಅದಕ್ಕೇ ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಗೋಡೆಯ ಮೇಲೆ ಬೆರಳು ಹತ್ತಿಸುವ ಅಭ್ಯಾಸ ಮಾಡಿಸಿದ್ದು. ನಮ್ಮ ಹಜಾರದ ಗೋಡೆಯ ಮೇಲೆ ಬೆರಳು ಎಲ್ಲಿವರೆಗೆ ಹೋಯಿತು ಅನ್ನುವ ಪೆನ್ಸಿಲ್ ಗುರುತುಗಳು ಇನ್ನೂ ಇವೆ.

ಮೇಲಿನಿಂದ ಲೇಸರ್ ಗೆರೆಗಳು ಮೈಮೇಲೆ ಬಿದ್ದವು. ಆ ಗೆರೆ ನೋಡಿಕೊಂಡು ಟೆಕ್ನಿಷಿಯನ್ ಹುಡುಗಿ ನನ್ನನ್ನು ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ ಸರಿಸಿದಳು. ಆಮೇಲೆ ಮಾರ್ಕರ್ ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕಿ, ಅದರ ಮೇಲೆ ತೆಳ್ಳಗಿನ ಟೇಪ್ ಅಂಟಿಸಿದಳು. "ಸ್ನಾನ ಮಾಡುವಾಗ ಇದನ್ನ ಉಜ್ಜಬೇಡಿ ಅಮ್ಮ, ಅಳಿಸಿಹೋಗಬಾರದು" ಅಂದಳು. ಕೆಲವು ಆಸ್ಪತ್ರೆಗಳಲ್ಲಿ ಇದೇ ಜಾಗಕ್ಕೆ ಸೂಜಿಮೊನೆಯಷ್ಟು ಹಚ್ಚೆಯ ಚುಕ್ಕೆ ಇಡುತ್ತಾರೆ. ಅಷ್ಟು ಮಾಡಿ, ಒಂದು ವಾರ ಹತ್ತು ದಿನದಲ್ಲಿ ಫೋನ್ ಮಾಡುತ್ತೇವೆ ಅಂತ ಕಳಿಸಿಬಿಟ್ಟರು.

ಆ ವಾರ, ಹತ್ತು ದಿನದ ಬಗ್ಗೆಯೇ ಈ ಬರಹ.

ರಾತ್ರಿ ಮೂರು ಗಂಟೆಗೆ ತಾನಾಗಿ ಎಚ್ಚರ ಆಗುತ್ತಿತ್ತು. ಎದೆ ಡವಡವ. ಅಂಗೈ ತಣ್ಣಗೆ, ಬೆನ್ನು ಬೆವರು. ಹೊಟ್ಟೆ ಕಲಸಿದ ಹಾಗೆ ಆಗಿ ಬಚ್ಚಲಿಗೆ ಎದ್ದು ಹೋಗುತ್ತಿದ್ದೆ. ಅತ್ತೆ ಮಾಡಿಕೊಟ್ಟ ಮುದ್ದೆ, ಹಿಂದಿನ ದಿನದವರೆಗೂ ಇಷ್ಟಪಟ್ಟು ತಿಂದದ್ದು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಗಲು ಫೋನ್ ಬಡಿದುಕೊಂಡರೆ ಆಸ್ಪತ್ರೆಯವರಾ ಅಂತ ಗಾಬರಿ, ಬಡಿಯದಿದ್ದರೆ ಸ್ಕ್ಯಾನ್‌ನಲ್ಲಿ ಇನ್ನೇನೋ ಸಿಕ್ಕಿದೆ, ಅದಕ್ಕೇ ತಡ ಮಾಡುತ್ತಿದ್ದಾರೆ ಅಂತ ಇನ್ನೊಂದು ಗಾಬರಿ. ಯೂಟ್ಯೂಬ್ ತೆಗೆದರೆ ಸುಟ್ಟ ಚರ್ಮದ ಚಿತ್ರಗಳು. ಯಾವ ಕಾಲದ್ದೋ, ದೇಹದ ಯಾವ ಭಾಗದ್ದೋ, ಎಷ್ಟು ಡೋಸ್ ಕೊಟ್ಟದ್ದೋ ಒಂದೂ ಇರುವುದಿಲ್ಲ. ಆದರೂ ನೋಡುತ್ತಲೇ ಇರುತ್ತೇವೆ.

ಅದು ಆಶ್ವಯುಜ ಮಾಸ ಬೇರೆ. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದರೆ ಬಲಿಪಾಡ್ಯಮಿ ಆಗುವ ತನಕ ಊರು ಊರಾಗಿರುವುದಿಲ್ಲ. ವರ್ಷಕ್ಕೆ ಒಂದೇ ಸಲ ಸಿಗುವ ದರ್ಶನ. ನೆಂಟರೆಲ್ಲ ಬಂದರು. ಸಾಲಿನಲ್ಲಿ ನಿಂತು ದರ್ಶನ ಮಾಡಿ, ಹಾಗೇ ನಮ್ಮ ಮನೆಗೂ ಬಂದರು. ಅವರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಎಲ್ಲರೂ ಒಂದೇ ಮಾತು ಹೇಳಿದರು, "ಧೈರ್ಯವಾಗಿರು ಕಣಮ್ಮ." ನಾನು ತಲೆ ಆಡಿಸಿದೆ. ಅದಾದ ಮೇಲೆ ಮಾತೇ ಮುಂದೆ ಹೋಗುತ್ತಿರಲಿಲ್ಲ. ಧೈರ್ಯವಾಗಿರು ಅಂದವರ ಮುಂದೆ ಹೆದರಿಕೆ ಆಗುತ್ತಿದೆ ಅಂತ ಹೇಗೆ ಹೇಳುವುದು? ಅವರಿಗೆ ಕಾಫಿ ಕೊಟ್ಟು, ನಕ್ಕು, ಕಳಿಸಿ, ಒಳಗೆ ಹೋಗಿ ಮಲಗುತ್ತಿದ್ದೆ.

ನನ್ನ ನಾದಿನಿ ಮಾತ್ರ ಹಾಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ, ನನ್ನ ಮುಖ ಕೂಡ ನೋಡದೆ, "ರಾತ್ರಿ ನಿದ್ದೆ ಬರ್ತಿದೆಯಾ ಅತ್ತಿಗೆ?" ಅಂತ ಕೇಳಿದಳು. ಇಲ್ಲ ಅಂದೆ. "ಏನು ನೆನಪಾಗುತ್ತೆ?" ಅಂದಳು. ಅಷ್ಟೇ ಸಾಕಾಯಿತು. ಅರ್ಧ ಗಂಟೆ ಮಾತಾಡಿದೆ, ಅತ್ತುಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. ಕೊನೆಗೆ ಒಂದು ಮಾತು ಅಂದಳು: "ಇದೆಲ್ಲಾ ಬರೆದಿಟ್ಟುಕೊಳ್ಳಿ ಅತ್ತಿಗೆ. ಇಷ್ಟು ಪ್ರಶ್ನೆ ಡಾಕ್ಟರ್ ಮುಂದೆ ಕೂತಾಗ ನೆನಪಿರಲ್ಲ."

ಮಗಳ ಹಳೇ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. ಹೇಗೆ ಬಂತೋ ಹಾಗೆ. ಮೈ ಸುಡುತ್ತಾ? ಮಧ್ಯದಲ್ಲಿ ಕರೆಂಟ್ ಹೋದರೆ? ಈಗ ತಾನೇ ಚಿಗುರಿರೋ ಕೂದಲು ಮತ್ತೆ ಉದುರುತ್ತಾ? ಅತ್ತೆಗೆ ಬಿಪಿ ಮಾತ್ರೆ ಕೊಡೋರು ಯಾರು? ತಾಳಿ ತೆಗೀಬೇಕಾ? ಹೃದಯಕ್ಕೆ ಏನಾದರೂ ಆದರೆ? ಗಂಡಸರು ಇರ್ತಾರಾ ಒಳಗೆ? ಅಕ್ಕನ ಸೊಸೆಗೆ ತೊಂದರೆ ಆದರೆ? ಇಷ್ಟೆಲ್ಲಾ ಮಾಡಿಯೂ ವಾಸಿ ಆಗದಿದ್ದರೆ?

ಬರೆದು ಮುಗಿಸಿ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎದೆಯ ಮೇಲೆ ಕೂತಿದ್ದ ಆ ಒಂದೇ ದೊಡ್ಡ ಹೆದರಿಕೆ ನಿಜವಾಗಿ ಒಂದಾಗಿರಲೇ ಇಲ್ಲ. ಕೆಲವಕ್ಕೆ ಡಾಕ್ಟರ ಹತ್ತಿರ ಉತ್ತರ ಇತ್ತು. ಕೆಲವು ಟೆಕ್ನಿಷಿಯನ್‌ಗೆ ಕೇಳಬೇಕಾದವು. ಕೆಲವು ನಮ್ಮ ಮನೆಯಲ್ಲೇ ಬಗೆಹರಿಯುವಂಥವು. ಯಾರ ಹತ್ತಿರವೂ ಉತ್ತರ ಇಲ್ಲದ್ದು ಒಂದೇ ಒಂದು, ಆ ಕೊನೆಯದು. ಅದೊಂದು ಮಿಕ್ಕಿದ್ದರ ಜೊತೆ ಸೇರಿಕೊಂಡು ಎಲ್ಲವನ್ನೂ ಉತ್ತರ ಇಲ್ಲದ್ದು ಅನ್ನುವ ಹಾಗೆ ಮಾಡಿಬಿಟ್ಟಿತ್ತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅಕ್ಕನ ಸೊಸೆಯ ವಿಷಯ. ಸೋಮವಾರದಿಂದ ಶುಕ್ರವಾರ, ದಿನಾ ಹೋಗಬೇಕಾದ ಚಿಕಿತ್ಸೆ ಇದು. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈಸೂರಿಗೆ ದಿನಾ ಓಡಾಡುವುದು ಆಗದ ಮಾತು. ಅಕ್ಕನ ಮನೆ ಮೈಸೂರಿನಲ್ಲೇ ಇದೆ, ಅಲ್ಲೇ ಇರು ಅಂತ ಅಕ್ಕ ಭಾವ ಇಬ್ಬರೂ ಹಟ ಹಿಡಿದಿದ್ದರು. ಆದರೆ ಆ ಮನೆಯಲ್ಲಿ ಸೊಸೆ ಏಳು ತಿಂಗಳ ಬಸುರಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ದರ್ಶನಕ್ಕೆ ಬಂದ ನೆಂಟರೊಬ್ಬರು ಹೇಳಿದ್ದರು, ಅವರ ಕಡೆಯವರೊಬ್ಬರಿಗೆ ರೇಡಿಯೇಷನ್ ಆದ ಮೇಲೆ ಬೇರೆ ಕೋಣೆಯಲ್ಲಿ ಇಟ್ಟಿದ್ದರಂತೆ, ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. ಆ ಮಾತು ಕೇಳಿದ ರಾತ್ರಿ ಒಂದು ಚಣವೂ ಕಣ್ಣು ಮುಚ್ಚಲಿಲ್ಲ. ನನಗೆ ಏನಾದರೂ ಆಗಲಿ. ಆ ಹುಡುಗಿಗೆ, ಅವಳ ಹೊಟ್ಟೆಯಲ್ಲಿರುವ ಕೂಸಿಗೆ ನನ್ನಿಂದ ಏನಾದರೂ ಆದರೆ?

ಅಕ್ಕನಿಗೆ ಹೇಳುವ ಹಾಗೂ ಇಲ್ಲ. ಹೇಳಿದರೆ ಅವಳಿಗೂ ಅನುಮಾನ ಹುಟ್ಟಬಹುದು, ಹುಟ್ಟಿದರೂ ತೋರಿಸಿಕೊಳ್ಳುವವಳಲ್ಲ. ಲಾಡ್ಜ್ ಹುಡುಕೋಣ ಅಂತ ನಮ್ಮನೆಯವರಿಗೆ ಅಂದೆ. ಯಾಕೆ ಅಂದರೆ ಸುಮ್ನೆ ಅಂದೆ.

ಡಾಕ್ಟರ್ ಮೇಡಂಗೆ ಫೋನ್ ಮಾಡಿ ಕೇಳಿದಾಗ ಅವರು ಒಂದು ಕ್ಷಣ ಕೂಡ ಯೋಚನೆ ಮಾಡಲಿಲ್ಲ. "ಧಾರಾಳವಾಗಿ ಅಲ್ಲೇ ಇರಿ. ಯಂತ್ರದಿಂದ ಬರುವ ಕಿರಣ ಯಂತ್ರ ನಿಂತ ಕೂಡಲೇ ನಿಲ್ಲುತ್ತೆ. ನಿಮ್ಮ ಮೈಯಲ್ಲಿ ಏನೂ ಉಳಿಯಲ್ಲ, ನಿಮ್ಮಿಂದ ಯಾರಿಗೂ ಹೋಗಲ್ಲ. ಅವಳ ಪಕ್ಕದಲ್ಲೇ ಕೂತು ಊಟ ಮಾಡಿ, ಒಂದೇ ಬಚ್ಚಲು ಬಳಸಿ." ನೆಂಟರು ಹೇಳಿದ ಕಥೆಯನ್ನೂ ಹೇಳಿದೆ. ಅದು ಸುಳ್ಳಲ್ಲ, ಆದರೆ ಬೇರೆ ಚಿಕಿತ್ಸೆ ಅಂದರು. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಇರುವ ಅಯೋಡಿನ್ ಔಷಧಿಯನ್ನು ನುಂಗಿಸುತ್ತಾರೆ. ಅದು ದೇಹದಿಂದ ಹೋಗುವವರೆಗೆ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ಮೈಯೊಳಗೆ ವಿಕಿರಣದ ವಸ್ತು ಇಡುವ ಇನ್ನೂ ಕೆಲವು ಚಿಕಿತ್ಸೆಗಳಲ್ಲೂ ಎಚ್ಚರಿಕೆ ಹೇಳುತ್ತಾರೆ. ಹೊರಗಿನಿಂದ ಯಂತ್ರದಲ್ಲಿ ಕೊಡುವುದಕ್ಕೆ ಅದು ಯಾವುದೂ ಇಲ್ಲ. ಎರಡಕ್ಕೂ ನಾವು ರೇಡಿಯೇಷನ್ ಅಂತಲೇ ಅನ್ನುತ್ತೇವೆ, ಕಥೆ ಅದಲುಬದಲಾಗುತ್ತೆ.

ಅವತ್ತೇ ಅಕ್ಕನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನಗೂ ಪಕ್ಕದ ಮನೆಯವರು ಹಾಗೇ ಅಂದಿದ್ರು ಕಣೇ. ನಿನ್ನ ಹತ್ರ ಹೇಗೆ ಕೇಳೋದು ಅಂತ ಬಿಟ್ಟಿದ್ದೆ" ಅಂದಳು. ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದು ಅಂತ ಬಾಯಿ ಕಟ್ಟಿಕೊಂಡು ಕೂತಿದ್ದೆವು. ಒಂದು ಫೋನಿನಲ್ಲಿ ಮುಗಿದುಹೋಗುವ ವಿಷಯ.

ಕರೆಂಟ್ ಹೋದರೆ ಅನ್ನುವ ಪ್ರಶ್ನೆ ಕೇಳಲು ನಾಚಿಕೆ ಆಗಿತ್ತು. ನಮ್ಮಲ್ಲಿ ಒಂದು ಮಳೆ ಬಂದರೆ ಕರೆಂಟ್ ಹೋಗುತ್ತೆ, ಕೇಳದೆ ಇರುವುದಾದರೂ ಹೇಗೆ? ಟೆಕ್ನಿಷಿಯನ್ ಹುಡುಗಿ ಬಹಳ ಗೌರವದಿಂದ ಉತ್ತರ ಕೊಟ್ಟಳು. ಕರೆಂಟ್ ಹೋದರೆ ಕಿರಣ ಆ ಕ್ಷಣವೇ ನಿಲ್ಲುತ್ತೆ. ಎಷ್ಟು ಕೊಟ್ಟಿದೆ ಅನ್ನುವುದು ಯಂತ್ರದ ಲೆಕ್ಕದಲ್ಲಿ ಇರುತ್ತೆ, ಉಳಿದದ್ದನ್ನು ಆಮೇಲೆ ಕೊಡುತ್ತಾರೆ. ಲೀನಿಯರ್ ಆಕ್ಸಿಲರೇಟರ್ ಅನ್ನುವ ಈ ಯಂತ್ರದೊಳಗೆ ವಿಕಿರಣದ ವಸ್ತು ಅಂತ ಏನೂ ಇರುವುದಿಲ್ಲ. ವಿದ್ಯುತ್ತಿನಿಂದ ಎಲೆಕ್ಟ್ರಾನುಗಳನ್ನು ಭಾರೀ ವೇಗಕ್ಕೆ ತಂದು ಲೋಹಕ್ಕೆ ಬಡಿಸಿದಾಗ ಎಕ್ಸ್-ರೇ ಹುಟ್ಟುತ್ತೆ, ಅಷ್ಟೇ. ಇಂಥ ಪ್ರತಿ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು. 1983ರಿಂದ ದೇಶದಲ್ಲಿ ಇದನ್ನೆಲ್ಲಾ ನೋಡಿಕೊಳ್ಳುವುದು ಆ ಮಂಡಳಿ. ಹೇಳಿಕೇಳಿ ನಿಯಮ ಕಾಯಿದೆ ಅಂದರೆ ನಮಗೆ ಬೇಸರ, ಆದರೆ ಈ ಒಂದು ವಿಷಯ ಕೇಳಿ ನನಗೆ ನಿಜಕ್ಕೂ ಹಾಯೆನಿಸಿತು.

ಯಂತ್ರದ ವಿಷಯ ಮಿಕ್ಕಿದ್ದನ್ನು ಮಗಳು ಹೇಳಿಕೊಟ್ಟಳು. ದ್ವಿತೀಯ ಪಿಯುಸಿ, ಸೈನ್ಸ್. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದರಿಂದ ಶುರು ಮಾಡಿ, ಎದೆಯ ಎಕ್ಸ್-ರೇಗೆ ಕಿಲೋವೋಲ್ಟ್ ಅಂದರೆ ಸಾವಿರದ ಲೆಕ್ಕ, ಇದಕ್ಕೆ ಮೆಗಾವೋಲ್ಟ್ ಅಂದರೆ ಹತ್ತು ಲಕ್ಷದ ಲೆಕ್ಕ, ಆದ್ದರಿಂದ ಇದು ಚರ್ಮದ ಮೇಲೇ ನಿಲ್ಲದೆ ಒಳಗೆ ಹೋಗಿ ಕೆಲಸ ಮಾಡುತ್ತೆ ಅಂತ ಚಿತ್ರ ಬರೆದು ತೋರಿಸಿದಳು. ಕ್ಯಾನ್ಸರ್ ಕಣಗಳ ಡಿಎನ್‌ಎ ಮುರಿಯುತ್ತೆ, ಒಳ್ಳೆಯ ಕಣಗಳಿಗೂ ಪೆಟ್ಟು ಬೀಳುತ್ತೆ, ಆದರೆ ಅವು ರಿಪೇರಿ ಮಾಡಿಕೊಳ್ಳುತ್ತವೆ, ಅದಕ್ಕೇ ಒಟ್ಟಿಗೆ ಕೊಡದೆ ದಿನಾ ಸ್ವಲ್ಪ ಸ್ವಲ್ಪ ಕೊಡೋದು ಅಮ್ಮ ಅಂದಳು. ಹೇಳುವಾಗ ಅವಳ ಕೈಯಲ್ಲಿದ್ದ ಪೆನ್ನು ನಡುಗುತ್ತಿತ್ತು. ಅವಳಿಗೂ ಎಷ್ಟು ದಿಗಿಲಿದೆ ಅಂತ ನನಗೆ ಆಗಲೇ ತಿಳಿದದ್ದು. ಕೂದಲ ಪ್ರಶ್ನೆಗೂ ಅವಳೇ ಉತ್ತರ ಕೊಟ್ಟಳು, ಡಾಕ್ಟರೂ ಅದನ್ನೇ ಹೇಳಿದರು: ಕಿರಣ ಬೀಳುವ ಜಾಗದ ಕೂದಲು ಮಾತ್ರ ಉದುರುತ್ತೆ. ಎದೆಗೆ ಕೊಟ್ಟರೆ ತಲೆಗೂದಲಿಗೆ ಏನೂ ಆಗುವುದಿಲ್ಲ.

ಇನ್ನೊಂದು ಅನುಮಾನ ನಮ್ಮನೆಯವರದು. ನನಗೆ ಮೂರು ವಾರದ ಚಿಕಿತ್ಸೆ ಅಂದಿದ್ದರು. ಪರಿಚಯದವರೊಬ್ಬರಿಗೆ ಹಿಂದೆ ಐದು ವಾರ ಕೊಟ್ಟಿದ್ದರು. ಆಯುಷ್ಮಾನ್ ಕಾರ್ಡಿನ ಕೇಸು ಅಂತ ಕಡಿಮೆ ಮಾಡಿದರಾ ಅನ್ನುವ ಅನುಮಾನ ಅವರಿಗೆ. ಹೊರಗೆ ಹೇಳದೆ ಒಳಗೇ ಕುದಿಯುತ್ತಿದ್ದರು. ಕಾರ್ಡಿನಲ್ಲಿ ಚಿಕಿತ್ಸೆ ಪಡೆಯುವ ಎಷ್ಟು ಮನೆಗಳಲ್ಲಿ ಈ ಅನುಮಾನ ಇರಬಹುದು! ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಗ್ರೇ ಅನ್ನುವುದು ಕಿರಣದ ಡೋಸ್ ಅಳೆಯುವ ಮಾನ. ಮೊದಲೆಲ್ಲಾ ಸ್ತನಕ್ಕೆ 50 ಗ್ರೇಯನ್ನು 25 ಸಲ, ಐದು ವಾರ ಕೊಡುವುದು ರೂಢಿ. ಬ್ರಿಟನ್ನಿನಲ್ಲಿ ಸಾವಿರಾರು ಹೆಂಗಸರನ್ನು ಸೇರಿಸಿಕೊಂಡು, ದಿನದ ಡೋಸ್ ಸ್ವಲ್ಪ ಜಾಸ್ತಿ ಮಾಡಿ 40 ಗ್ರೇಯನ್ನು 15 ಸಲದಲ್ಲಿ ಮೂರು ವಾರಕ್ಕೆ ಮುಗಿಸಿ ನೋಡಿದರು. ಹತ್ತು ವರ್ಷದ ಫಲಿತಾಂಶ 2013ರಲ್ಲಿ ಬಂತು. ಮೂರು ವಾರದ್ದು ಐದು ವಾರದ್ದಕ್ಕಿಂತ ಯಾವುದರಲ್ಲೂ ಕಡಿಮೆ ಇರಲಿಲ್ಲ, ಚರ್ಮಕ್ಕೆ ಆಗುವ ತೊಂದರೆಯೂ ಹೆಚ್ಚಿರಲಿಲ್ಲ. ಈಗ ಕೆಲವರಿಗೆ ಐದೇ ದಿನದಲ್ಲಿ ಮುಗಿಸುವ ಕ್ರಮವೂ ಇದೆ. ಯಾರಿಗೆ ಎಷ್ಟು ಅನ್ನುವುದನ್ನು ಅವರವರ ಕಾಯಿಲೆ ನೋಡಿ ಡಾಕ್ಟರ್ ನಿರ್ಧರಿಸುತ್ತಾರೆ, ಕಾರ್ಡ್ ನೋಡಿ ಅಲ್ಲ. ಇದನ್ನು ಡಾಕ್ಟರ ಬಾಯಿಂದ ಕೇಳಿದ ಮೇಲೆ ನಮ್ಮನೆಯವರ ಮುಖ ಸಡಿಲವಾಯಿತು.

ಖರ್ಚಿನ ಮಾತು ಬಂತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30ರಷ್ಟು ಸರ್ಕಾರ ಕೊಡುತ್ತೆ. ನಮಗೆ ರೆಫರಲ್ ಪತ್ರ ಇಲ್ಲೇ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮಾಡಿಸಿದ್ದು. ರೈಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಜೊತೆಯವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ. ಕಾಗದಪತ್ರ ಒಂದು ಕವರಿನಲ್ಲಿ ಜೋಡಿಸಿಟ್ಟ ದಿನ ನಾನು ಸ್ವಲ್ಪ ಚೆನ್ನಾಗಿ ನಿದ್ದೆ ಮಾಡಿದೆ. ಮಂತ್ರ, ಪ್ರಾಣಾಯಾಮದಷ್ಟೇ ಕಾಗದಪತ್ರವೂ ಆತಂಕಕ್ಕೆ ಔಷಧಿ ಅಂತ ನಾನು ನಂಬುತ್ತೇನೆ.

ತಾಳಿ ವಿಷಯ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಕಿರಣ ಬೀಳುವ ಜಾಗದಲ್ಲಿ ಲೋಹ ಇರಬಾರದು, ಸರ ತೆಗೆದಿಡಬೇಕು. ಆಪರೇಷನ್ ದಿನ ತೆಗೆದದ್ದು ಒಂದು ದಿನದ ಮಾತು, ಇದು ವಾರಗಟ್ಟಲೆ. ಅತ್ತೆ ಹಳೇ ಕಾಲದವರು, ಏನನ್ನುತ್ತಾರೋ ಅಂತ ನನಗೆ ಒಳಗೊಳಗೇ ಅಳುಕು. ಕೊನೆಗೆ ಕೇಳಿದೆ. ಅವರು ದೇವರ ಮನೆಗೆ ಹೋಗಿ ಪುಟ್ಟ ಬೆಳ್ಳಿ ಭರಣಿ ತಂದು ಮುಂದೆ ಇಟ್ಟರು. "ಇದರಲ್ಲಿ ಹಾಕಿ ಅಮ್ಮನೋರ ಮುಂದೆ ಇಡ್ತೀನಿ. ನೀನು ವಾಸಿ ಮಾಡ್ಕೊಂಡು ಬಂದು ಹಾಕ್ಕೋ. ನಿನ್ನ ಜೀವಕ್ಕಿಂತ ದೊಡ್ಡದಾ ಅದು?" ಅಂದರು. ಅರಿಶಿನದ ವಿಷಯದಲ್ಲಿ ಮಾತ್ರ ಅವರನ್ನು ಒಪ್ಪಿಸುವುದು ಕಷ್ಟ ಆಯಿತು. ಗಾಯಕ್ಕೆ ಅರಿಶಿನ ಹಚ್ಚಿ ಬೆಳೆಸಿದ ಕೈ ಅದು. ಆದರೆ ಚಿಕಿತ್ಸೆ ನಡೆಯುವಾಗ ಆ ಜಾಗಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಮನೆಮದ್ದು ಏನನ್ನೂ ಡಾಕ್ಟರನ್ನು ಕೇಳದೆ ಹಚ್ಚಬಾರದು. ಸಡಿಲವಾದ ಹತ್ತಿ ಬಟ್ಟೆ, ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಉಜ್ಜದೆ ಒತ್ತಿ ಒರೆಸುವುದು, ಇಷ್ಟೇ.

ಗಂಡಸರು ಇರ್ತಾರಾ ಅನ್ನುವುದೂ ಸಣ್ಣ ಪ್ರಶ್ನೆ ಅಲ್ಲ. ಎದೆ ಮೇಲೆ ಬಟ್ಟೆ ಇಲ್ಲದೆ, ಕೈ ಎತ್ತಿ, ಅಲ್ಲಾಡದೆ ಮಲಗಬೇಕು. ಎಷ್ಟೋ ಹೆಂಗಸರು ಈ ಸಂಕೋಚಕ್ಕೇ ಬೇಯುತ್ತಾರೆ, ಬಾಯಿ ಬಿಡುವುದಿಲ್ಲ. ಕೇಳಿದರೆ ತಪ್ಪಿಲ್ಲ. ಸಾಧ್ಯವಾದ ದಿನಗಳಲ್ಲಿ ಹೆಂಗಸರೇ ಇರುವ ಹಾಗೆ ನೋಡಿಕೊಳ್ಳುತ್ತೇವೆ, ಜಾಗ ಹೊಂದಿಸಿ ಆದ ಕೂಡಲೇ ಮೇಲೆ ಬಟ್ಟೆ ಹೊದಿಸುತ್ತೇವೆ ಅಂದರು. ಹಾಗೇ ಮಾಡಿದರು ಕೂಡ.

ಹೃದಯದ ಭಯಕ್ಕೆ ಸಿಕ್ಕ ಉತ್ತರ ನನಗೆ ಇನ್ನೊಂದು ರೀತಿಯಲ್ಲೂ ನೆರವಾಯಿತು. ಎಡಗಡೆ ಸ್ತನದ ಹಿಂದೆಯೇ ಹೃದಯ ಇರುವುದರಿಂದ ಕಿರಣ ಅದಕ್ಕೆ ತಾಗದ ಹಾಗೆ ನೋಡಿಕೊಳ್ಳಬೇಕು. ದೀರ್ಘವಾಗಿ ಉಸಿರೆಳೆದು ಹಿಡಿದರೆ ಶ್ವಾಸಕೋಶ ಉಬ್ಬಿ, ಹೃದಯ ಎದೆಗೂಡಿನಿಂದ ದೂರ ಸರಿಯುತ್ತೆ. ಆ ಕೆಲವು ಸೆಕೆಂಡುಗಳಲ್ಲಿ ಮಾತ್ರ ಕಿರಣ ಬಿಡುತ್ತಾರೆ. ಸುಮಾರು 20 ಸೆಕೆಂಡ್ ಹಿಡಿಯುವ ಅಭ್ಯಾಸ ಮಾಡಿಕೊಂಡು ಬನ್ನಿ ಅಂದರು. ಮಗಳು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಮೊದಮೊದಲು ಹತ್ತು ಸೆಕೆಂಡಿಗೇ ಕೆಮ್ಮು ಬರುತ್ತಿತ್ತು. ಬಾವಿಗೆ ಕೊಡ ಇಳಿಸಿ ಹಗ್ಗವನ್ನು ಒಂದೇ ಹದದಲ್ಲಿ ಹಿಡಿಯುವ ಹಾಗೆ ಉಸಿರಿಗೂ ಒಂದು ಹದ ಇದೆ, ಅದು ಕೈಗೆ ಸಿಕ್ಕ ಮೇಲೆ ಸಲೀಸು. ಹಿಡಿಯುವುದಕ್ಕಿಂತ ಆಮೇಲೆ ನಿಧಾನವಾಗಿ ಬಿಡುವುದೇ ನನಗೆ ಹೆಚ್ಚು ಹಿತ ಅನಿಸಿತು. ಮೂರು ಗಂಟೆಗೆ ಎಚ್ಚರ ಆದಾಗಲೂ ಅದನ್ನೇ ಮಾಡಿದೆ. ನಾಲ್ಕು ಎಣಿಸುತ್ತಾ ಎಳೆದುಕೊಳ್ಳುವುದು, ಆರು ಎಣಿಸುತ್ತಾ ಬಿಡುವುದು. ಉಸಿರು ಬಿಡುವುದು ಉದ್ದವಾದರೆ ಎದೆಬಡಿತ ಇಳಿಯುತ್ತೆ. ಹೆದರಿಕೆ ಹೋಗುವುದಿಲ್ಲ, ಮೈ ಮಾತ್ರ ಸ್ವಲ್ಪ ಸುಮ್ಮನಾಗುತ್ತೆ. ಆ ಹೊತ್ತಿಗೆ ಅಷ್ಟೇ ಬೇಕಾಗಿರುವುದು.

ನಮ್ಮನೆಯವರಿಗೂ ಬರೆಯಲು ಕೊಟ್ಟೆ. ಮಾತು ಕಡಿಮೆ ಅವರದು. ಬಸ್ ಟೈಮು, ರೈಲ್ ಟೈಮು ಮತ್ತೆ ಮತ್ತೆ ನೋಡುತ್ತಿದ್ದರು, ಅದೇ ಅವರ ಆತಂಕ. ಬೇಡ ಬೇಡ ಅಂದರು. ರಾತ್ರಿ ನೋಡಿದರೆ ನನ್ನ ಪಟ್ಟಿಯ ಕೆಳಗೆ ಒಂದೇ ಸಾಲು ಇತ್ತು: "ಅವಳು ಒಳಗಿರುವಾಗ ನಾನು ಎಲ್ಲಿ ಕೂತಿರಬೇಕು?" ಅದನ್ನೂ ಆಸ್ಪತ್ರೆಯಲ್ಲಿ ಕೇಳಿದೆವು. ಬಾಗಿಲಿನ ಎದುರು ಒಂದು ಬೆಂಚ್ ತೋರಿಸಿದರು. ಬಾಗಿಲ ಮೇಲೆ ಕೆಂಪು ದೀಪ ಇದೆ, ಉರಿಯುತ್ತಿದ್ದರೆ ಕಿರಣ ನಡೆಯುತ್ತಿದೆ ಅಂತ ಅರ್ಥ, ಆರಿದರೆ ಮುಗಿಯಿತು. ಒಳಗೆ ಒಬ್ಬಳೇ ಇದ್ದರೂ ಹೊರಗೆ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತೇವೆ, ಮೈಕಿನಲ್ಲಿ ಮಾತಾಡುತ್ತೇವೆ, ಇವರು ಕೂಗಿದರೆ ನಮಗೆ ಕೇಳಿಸುತ್ತೆ, ಕಿರಣ ನಿಲ್ಲಿಸಿ ಒಳಗೆ ಬರುತ್ತೇವೆ ಅಂತಲೂ ಹೇಳಿದರು.

ಅದೇ ಬೆಂಚಿನಲ್ಲಿ ಅರಕಲಗೂಡು ಕಡೆಯ ಹಿರಿಯರೊಬ್ಬರು ಸಿಕ್ಕಿದ್ದರು. ಬಾಯಿ ಕ್ಯಾನ್ಸರ್. ಅವರದು ನನ್ನದಕ್ಕಿಂತ ಕಷ್ಟ, ಮುಖಕ್ಕೆ ಜಾಲರಿಯಂಥ ಮಾಸ್ಕ್ ಹಾಕಿ ಹಲಗೆಗೆ ಬಿಗಿಯುತ್ತಾರೆ. ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಅದು, ಮುಖದ ಅಚ್ಚಿಗೆ ಸರಿಯಾಗಿ ಕೂರುತ್ತೆ. ಕಪಾಟಿನಲ್ಲಿ ಹೆಸರು ಬರೆದ ಬಿಳೀ ಮಾಸ್ಕುಗಳ ಸಾಲು ನೋಡಿದರೆ ಯಾರಿಗೂ ಉಸಿರು ಕಟ್ಟುತ್ತೆ. ಅವರು ಮಾಸ್ಕ್ ಬೇಡ ಅಂತ ಊರಿಗೆ ವಾಪಸ್ ಹೊರಟಿದ್ದವರು. ಟೆಕ್ನಿಷಿಯನ್ ಮೊದಲು ಬರೀ ಮಾಸ್ಕ್ ಹಾಕಿ ಒಂದು ನಿಮಿಷ, ಆಮೇಲೆ ಎರಡು ನಿಮಿಷ ಮಲಗಿಸಿ, ಕೈ ಎತ್ತಿದರೆ ತಕ್ಷಣ ಬಿಚ್ಚುತ್ತೇನೆ ಅಂತ ಮಾತು ಕೊಟ್ಟು, ಹಾಗೇ ಬಿಚ್ಚಿ ತೋರಿಸಿದರಂತೆ. "ಕೈ ಎತ್ತಿದ್ರೆ ಬಿಚ್ತಾರೆ ಅಂತ ಗೊತ್ತಾದ್ಮೇಲೆ ಕೈ ಎತ್ತೋ ಹಂಗೇ ಆಗ್ಲಿಲ್ಲ ಕಣವ್ವ" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲಾ ಮಾಡಿಯೂ ಮತ್ತೆ ಬಂದರೆ? ಇದನ್ನೂ ಡಾಕ್ಟರ್ ಮುಂದೆ ಇಟ್ಟೆ. ಬರುವುದೇ ಇಲ್ಲ ಅಂತ ಅವರು ಹೇಳಲಿಲ್ಲ, ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಬರುವ ಸಾಧ್ಯತೆಯನ್ನು ಈ ಚಿಕಿತ್ಸೆ ಚೆನ್ನಾಗಿ ಇಳಿಸುತ್ತೆ, ಆಮೇಲೂ ಚೆಕಪ್ ಮಾಡುತ್ತಾ ಕಣ್ಣಿಟ್ಟಿರುತ್ತೇವೆ ಅಂದರು. ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಕಳಿಸಿದರು. ಉತ್ತರ ಇಲ್ಲದ ಪ್ರಶ್ನೆಗೆ ಸಂಜೆ ಅರ್ಧ ಗಂಟೆ ಮೀಸಲಿಡಿ, ಬೇರೆ ಹೊತ್ತಿನಲ್ಲಿ ಬಂದರೆ ಸಂಜೆ ನೋಡೋಣ ಅಂತ ಮುಂದಕ್ಕೆ ಹಾಕಿ ಅಂದರು ಆಕೆ. ಮೊದಲು ಇದೇನು ಆಟ ಅನಿಸಿತು. ಮಾಡುತ್ತಾ ಮಾಡುತ್ತಾ ಉಪಯೋಗ ಗೊತ್ತಾಯಿತು. ಕೆಲವು ದಿನಕ್ಕೆ ನಿದ್ದೆ ಮಾತ್ರೆಯನ್ನೂ ಡಾಕ್ಟರ್ ಬರೆದುಕೊಟ್ಟರು, ತೆಗೆದುಕೊಂಡೆ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಹತ್ತಿರದಲ್ಲಿ ಕೌನ್ಸೆಲರ್ ಇಲ್ಲದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅಳತೆ ಸರಿ ಇದೆಯಾ ಅಂತ ಚಿತ್ರ ತೆಗೆದು ನೋಡುವುದರಿಂದ ಅವತ್ತು ಸ್ವಲ್ಪ ತಡ ಆಗುತ್ತೆ. ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ ಅಂತ ಸ್ಪೀಕರಿನಲ್ಲಿ ಅದೇ ಹುಡುಗಿಯ ದನಿ. ಗುಂಯ್ ಅನ್ನುವ ಸದ್ದು. ಬಿಸಿ ಇಲ್ಲ, ನೋವಿಲ್ಲ, ಏನೂ ತಾಗಿದ ಹಾಗೆ ಇಲ್ಲ. ಕಿರಣ ನಡೆದದ್ದು ಕೆಲವೇ ನಿಮಿಷ. ಏನೂ ಆಗುವುದೇ ಇಲ್ಲ ಅಂತಲೂ ಹೇಳಲಾರೆ. ಎರಡನೇ ವಾರ ದಾಟಿದ ಮೇಲೆ ಚರ್ಮ ಕಪ್ಪಾಯಿತು, ಉರಿ, ನವೆ ಇತ್ತು. ನಮ್ಮ ಮೈಬಣ್ಣದವರಿಗೆ ಕೆಂಪಗಾಗುವುದಕ್ಕಿಂತ ಕಪ್ಪಾಗುವುದೇ ಜಾಸ್ತಿ ಕಾಣುತ್ತೆ. ಸುಸ್ತು ಬಹಳ ಇತ್ತು, ಮಧ್ಯಾಹ್ನ ಊಟ ಆದ ಮೇಲೆ ಕೂರಲೂ ಆಗುತ್ತಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು ಆಮೇಲೆ ಇಳಿಯುತ್ತಾ ಬಂತು. ಮೊದಲೇ ಹೇಳಿದ್ದರು, ಆದ್ದರಿಂದ ಗಾಬರಿ ಆಗಲಿಲ್ಲ. ಅಕ್ಕನ ಸೊಸೆಯೂ ನಾನೂ ಮಧ್ಯಾಹ್ನ ಒಂದೇ ಮಂಚದ ಮೇಲೆ ಮಲಗುತ್ತಿದ್ದೆವು.

ಈಗ ಚಿಕಿತ್ಸೆ ಆದ ಮೇಲಿನ ಮೊದಲ ಮ್ಯಾಮೋಗ್ರಾಂ, ಅಂದರೆ ಸ್ತನವನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್-ರೇ, ಹತ್ತಿರ ಬಂದಿದೆ. ನಿದ್ದೆ ಮತ್ತೆ ತೆಳುವಾಗಿದೆ. ಅದೇ ನೋಟ್‌ಬುಕ್ಕಿನ ಇನ್ನೊಂದು ಹಾಳೆಯಲ್ಲಿ ಹೊಸ ಪಟ್ಟಿ ಶುರು ಮಾಡಿದ್ದೇನೆ. ಮೊದಲ ಸಾಲು, ಆಪರೇಷನ್ ಆದ ಜಾಗ ಒತ್ತುವಾಗ ನೋಯುತ್ತಾ ಅನ್ನುವುದು. ಅದನ್ನು ಮ್ಯಾಮೋಗ್ರಾಂ ಮಾಡುವವರಿಗೆ ಕೇಳಬೇಕು. ಎರಡನೆಯದು, ರಿಪೋರ್ಟ್ ಕೈಗೆ ಬರಲು ಎಷ್ಟು ದಿನ ಅನ್ನುವುದು. ಅದಕ್ಕೆ ಸೋಮವಾರ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಮೂರನೆಯ ಸಾಲಿನಲ್ಲಿ ಮಗಳು ಅವಳದೊಂದು ಬರೆದಿದ್ದಾಳೆ. ಅದನ್ನು ಅವಳ ಜೊತೆ ಕೂತು ಮಾತಾಡಬೇಕು.